ದೀಪ, ಬೀಗ ಮತ್ತು ಅಪ್ರಮಾದ

ಗೃಹಸ್ಥನಾದವನಿಗೆ ಅಗ್ನಿಯನ್ನು ಬಿಟ್ಟು ಬದುಕಿಲ್ಲ. ಅಡಿಗೆಗೂ ಆರತಿಗೂ ಅದು ಬೇಕು. ಅಗ್ನಿಯನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವಗಳುಂಟೆಂದು ನಂಬುವ ನಾವು, ಬೆಂಕಿ ಹೊತ್ತಿಸುವಾಗಲೂ ಆರಿಸುವಾಗಲೂ ಹಿಂಸೆಯ ಲೇಶ ತಪ್ಪದೆಂದು ಬಲ್ಲೆವು. ಆದುದರಿಂದಲೇ ಶ್ರಾವಕನಿಗೆ ವಿಧಿಸಿರುವುದು ಅಗ್ನಿಯ ತ್ಯಾಗವಲ್ಲ, ಅದರ ಬಳಕೆಯಲ್ಲಿ ಯತ್ನಾಚಾರ. ಈ ಮಾತನ್ನು ನಾನು ಅನೇಕ ಸ್ವಾಧ್ಯಾಯ ಸಭೆಗಳಲ್ಲಿ ಹೇಳಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಮಾತ್ರ 2022ರ ದೀಪಾವಳಿಯ ಸಂಜೆ.

ದೊಡ್ಡನೆಕ್ಕುಂದಿಯ ವಸತಿ ಸಮುಚ್ಚಯವೊಂದರ ಮೊದಲ ಅಂತಸ್ತಿನಲ್ಲಿ ನಮ್ಮ ವಾಸ. ಭಗವಾನ್ ಮಹಾವೀರರ ನಿರ್ವಾಣದ ಸ್ಮರಣೆಗೆಂದು ನಡುಮನೆಯ ಜಿನಬಿಂಬದ ಮುಂದೆ ಸಾಲುದೀಪ ಹಚ್ಚಿದ್ದೆವು. ಕೊನೆಯ ದೀಪವನ್ನು ಕಿಟಕಿಯ ಪರದೆಗೆ ಒಂದು ಗೇಣು ದೂರದಲ್ಲಿಟ್ಟವನು ನಾನೇ. ಫ್ಯಾನು ನಿಲ್ಲಿಸದೆ ಅಡಿಗೆಮನೆಗೆ ಹೋದವನೂ ನಾನೇ. ಕೆಲವೇ ನಿಮಿಷಗಳಲ್ಲಿ ಪರದೆ ಉರಿಯತೊಡಗಿ ಕಪ್ಪು ಹೊಗೆ ನಡುಮನೆಯನ್ನು ತುಂಬಿತು. ಹೊರಬಾಗಿಲು ಆ ಹೊಗೆಯ ಆಚೆಗಿತ್ತು. ಹಿಂದಿನ ಕೋಣೆಯಲ್ಲಿದ್ದ ಸೊಸೆ ಮಗುವನ್ನೆತ್ತಿಕೊಂಡು ಬಾಲ್ಕನಿಗೆ ಧಾವಿಸಿದಳು. ಅಲ್ಲಿಂದ ಪಕ್ಕದ ತಗ್ಗು ತಾರಸಿಗೆ ಇಳಿಯಬಹುದಿತ್ತು. ಆದರೆ ಕಳ್ಳರ ಭಯದಿಂದ ನಾನು ಹಾಕಿಸಿದ್ದ ಕಬ್ಬಿಣದ ಜಾಲರಿಯ ಬಾಗಿಲಿಗೆ ಬೀಗವಿತ್ತು. “ಮಾವ, ಕೀಲಿ ಎಲ್ಲಿ?” ಎಂದು ಅವಳು ಕೂಗಿದಳು. ಕೀಲಿ ಚಿಕ್ಕಪೇಟೆಯ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿತ್ತು.

ನನ್ನ ಪತ್ನಿ ಪರದೆಯನ್ನು ಎಳೆದು ಕೆಡವಿ ಬಕೆಟ್ಟಿನ ನೀರು ಸುರಿದುದರಿಂದ ಬೆಂಕಿ ಅಲ್ಲಿಗೇ ಆರಿತು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಜಾಲರಿಯನ್ನು ಹಿಡಿದು ನಿಂತಿದ್ದ ಸೊಸೆಯ ಮುಖ ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2021ರ ಸೆಪ್ಟೆಂಬರ್‌ನಲ್ಲಿ, ಬನ್ನೇರುಘಟ್ಟ ರಸ್ತೆ ಕಡೆಯ ದೇವರಚಿಕ್ಕನಹಳ್ಳಿಯ ವಸತಿ ಸಮುಚ್ಚಯದಲ್ಲಿ ಬೆಂಕಿ ಬಿದ್ದು ತಾಯಿ ಮಗಳಿಬ್ಬರು ತೀರಿಕೊಂಡಿದ್ದರು. ಬಾಲ್ಕನಿಯ ಜಾಲರಿಯನ್ನು ದಾಟಿ ಹೊರಬರಲು ದಾರಿಯಿರಲಿಲ್ಲ. 2010ರ ಫೆಬ್ರವರಿ 23ರಂದು ನಮ್ಮ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಮಂದಿ ಸತ್ತರು. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಎರಡೂ ವಾರ್ತೆಗಳನ್ನು ನಾನು ಓದಿದ್ದೆ, ಮರುಗಿಯೂ ಇದ್ದೆ. ಆದರೆ ಎದ್ದುಹೋಗಿ ನನ್ನ ಮನೆಯ ಬೀಗವನ್ನು ನೋಡಿರಲಿಲ್ಲ. ಅಂಗಡಿಗೆ ಪ್ರತಿವರ್ಷ ತಪ್ಪದೆ ಬೆಂಕಿ ವಿಮೆ ಕಟ್ಟುತ್ತಿದ್ದವನ ಮನೆಯಲ್ಲಿ ಬೆಂಕಿ ಆರಿಸುವ ಒಂದು ಉಪಕರಣವಿರಲಿಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದ್ದಾರೆ. ಮುನಿಗಳ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೆಂಬುದು ಒಂದು; ವಸ್ತುವನ್ನು ನೋಡಿ ತೆಗೆದುಕೊಳ್ಳುವುದು, ನೋಡಿ ಇಡುವುದು ಎಂದು ಅದರ ತಾತ್ಪರ್ಯ. ಮುನಿಗಳು ಪಿಂಛಿ ಕಮಂಡಲುಗಳ ವಿಷಯದಲ್ಲಿ ಪಾಲಿಸುವ ಎಚ್ಚರವನ್ನು ನಾವು ಒಂದು ಹಣತೆಯ ವಿಷಯದಲ್ಲಾದರೂ ಪಾಲಿಸಬೇಡವೆ?

“ಆಯುಕರ್ಮ ಮುಗಿದರೆ ತಡೆಯುವವರಾರು?” ಎಂದು ಮಿತ್ರರೊಬ್ಬರು ಸಮಾಧಾನ ಹೇಳಿದರು. ಹೀಗೆನ್ನುವ ನಾವು ಯಾರೂ ರಾತ್ರಿ ಅಂಗಡಿಯ ಬಾಗಿಲು ತೆರೆದಿಟ್ಟು ಬರುವುದಿಲ್ಲ. ಅವರವರ ಆಯುಸ್ಸು ಅವರವರ ಕರ್ಮವಿರಬಹುದು; ನನ್ನ ಅಜಾಗರೂಕತೆ ನನ್ನದೇ. ಬಂಧಕಾರಣಗಳಲ್ಲಿ ಪ್ರಮಾದವನ್ನು ಎಣಿಸಿರುವುದನ್ನು ಮರೆತು ಕರ್ಮಸಿದ್ಧಾಂತದ ಮರೆಯಲ್ಲಿ ನಿಲ್ಲುವುದು ಉಚಿತವಲ್ಲ.

ಶ್ರಾವಕ-ಶ್ರಾವಿಕೆಯರಲ್ಲಿ ನನ್ನ ವಿನಂತಿ ಇಷ್ಟು. ದೀಪವನ್ನು ಪರದೆಯಿಂದ ದೂರ, ಅಗಲವಾದ ಲೋಹದ ತಟ್ಟೆಯಲ್ಲಿಡಿರಿ. ಮನೆ ಬಿಡುವಾಗ ಉರಿಯುವ ದೀಪವನ್ನು ಬಿಟ್ಟು ಹೋಗಬೇಡಿರಿ. ಅಡಿಗೆಯ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದಾಗ ವಿದ್ಯುತ್ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಬಂದು 1906ಕ್ಕೆ ದೂರವಾಣಿ ಮಾಡಿರಿ. ಬಾಣಲೆಯ ಎಣ್ಣೆ ಹೊತ್ತಿದರೆ ನೀರು ಹಾಕಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಹೊಗೆ ಮೇಲೇರುವುದರಿಂದ ಬಗ್ಗಿ, ತೆವಳಿ ಹೊರಬರಬೇಕು. ಹೊರಗೆ ಬಂದ ಮೇಲೆ 112 ಅಥವಾ 101ಕ್ಕೆ ಕರೆಮಾಡಬೇಕು. ಬೆಂಕಿ ಆರಿಸುವ ಉಪಕರಣವನ್ನು ಕೊಂಡರೆ ಸಾಲದು, ಮನೆಯವರೆಲ್ಲರೂ ಅದರ ಬಳಕೆಯನ್ನು ಕಲಿತಿರಬೇಕು.

ಈಗ ಆ ಕೀಲಿ ಬಾಲ್ಕನಿಯ ಒಳಬದಿಯಲ್ಲಿ, ಹೊರಗಿನವರ ಕೈಗೆಟುಕದ ಮೊಳೆಯಲ್ಲಿ ತೂಗುತ್ತಿದೆ. ಮೊಮ್ಮಗನಿಗೂ ಅದರ ನೆಲೆ ಗೊತ್ತು. ಪ್ರತಿ ಸಂಜೆ ಪ್ರತಿಕ್ರಮಣಕ್ಕೆ ಕೂರುವ ಮುನ್ನ ಒಮ್ಮೆ ಹೋಗಿ ಅದನ್ನು ಮುಟ್ಟಿ ಬರುತ್ತೇನೆ. ಆಚೆಯ ಅಪರಾಧಗಳ ಕ್ಷಮೆ ಬೇಡುವ ಮೊದಲು ಮನೆಯೊಳಗಿನ ಪ್ರಮಾದವನ್ನು ನೋಡಿಬಿಡುವುದು ಒಳಿತೆಂದು ನನಗೆ ತೋರಿದೆ. ಈ ಪುಟವನ್ನು ಮಡಿಚಿಡುವ ಮುನ್ನ ತಾವೂ ಒಮ್ಮೆ ಎದ್ದು ತಮ್ಮ ಮನೆಯ ಕೀಲಿ ಎಲ್ಲಿದೆಯೆಂದು ನೋಡಬೇಕಾಗಿ ಪ್ರಾರ್ಥನೆ.