ವಾಂಗನುಯಿಯ ಸೆಳವಿನಲ್ಲಿ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಟೊಂಗರಿರೊ ಪರ್ವತದ ಮಗ್ಗುಲಲ್ಲಿ ಹುಟ್ಟಿ, 290 ಕಿ.ಮೀ. ಹರಿದು ಸಮುದ್ರ ಸೇರುವ ವಾಂಗನುಯಿ ಹೊಳೆ ಕಾನೂನಿನ ಪ್ರಕಾರ ಒಬ್ಬ ವ್ಯಕ್ತಿ. ವೆಲ್ಲಿಂಗ್ಟನ್‌ನಲ್ಲಿ ನೆಲೆಸಿರುವ ನಾವು ಕನ್ನಡದ ಗೆಳೆಯರು ಅದರ ಮೇಲೆ ದೋಣಿಯಲ್ಲಿ ಹೋಗಬೇಕೆಂದು ಬಹಳ ಕಾಲದಿಂದ ಆಸೆಪಟ್ಟಿದ್ದೆವು. ಈ ಬೇಸಿಗೆಯಲ್ಲಿ ಕೂಡಿಬಂತು. ವಾಕಹೋರೊದಿಂದ ಪಿಪಿರಿಕಿಯವರೆಗೆ 87 ಕಿ.ಮೀ. ಜಲದಾರಿ. ಹೊಳೆಯ ಪಕ್ಕದಲ್ಲಿ ರಸ್ತೆಯಿಲ್ಲ, ರಾತ್ರಿ ಉಳಿಯುವ ಜಾಗಗಳನ್ನು ಮೊದಲೇ ಕಾದಿರಿಸಿರಬೇಕು.

ಬಟ್ಟೆ, ಹಾಸಿಗೆ, ಅಕ್ಕಿ, ಚಟ್ನಿಪುಡಿ ಎಲ್ಲವೂ ಪ್ಲಾಸ್ಟಿಕ್ ಬ್ಯಾರೆಲ್‌ಗಳೊಳಗೆ ಹೋದವು. ದೋಣಿ ಮಗುಚಿದರೂ ತೇಲಿಹೋಗದಂತೆ ಒಂದೊಂದನ್ನೂ ಹಗ್ಗದಿಂದ ಬಿಗಿದೆವು. ದೋಣಿ ಬಾಡಿಗೆಗೆ ಕೊಟ್ಟಾತ ಹೊರಡುವ ಮುಂಚೆ ನೀರನ್ನು ಓದಲು ಕಲಿಸಿದ. ಸೆಳವಿನಲ್ಲಿ ನುಣುಪಾದ ನೀರು 'ವಿ' ಆಕಾರದಲ್ಲಿ ಕೆಳಮುಖವಾಗಿ ಚೂಪಾಗುತ್ತದಲ್ಲ, ದಾರಿ ಅಲ್ಲಿದೆ. ಬಂಡೆ ಎದುರಾದಾಗ ಮೈ ತಾನಾಗಿ ಹಿಂದೆ ಸರಿಯುತ್ತದೆ. ಹಾಗೆ ಸರಿದರೆ ಮೇಲ್ಬದಿಯ ಅಂಚು ತಗ್ಗಿ ನೀರು ಒಳನುಗ್ಗುತ್ತದೆ. ಆದ್ದರಿಂದ ಬಂಡೆಯ ಕಡೆಗೇ ವಾಲಬೇಕು.

ಇಕ್ಕೆಲದಲ್ಲೂ ಬೂದು ಬಣ್ಣದ ಮೆದುಕಲ್ಲಿನ ಗೋಡೆ. ಕಲ್ಲಿನಿಂದ ಜಿನುಗುವ ನೀರು, ಅದಕ್ಕೆ ಜೋತುಬಿದ್ದ ಜರೀಗಿಡಗಳು. ಒಂದು ಕಡೆ ಹುಟ್ಟು ನಿಲ್ಲಿಸಿ ಗೋಡೆಗೆ ಒತ್ತಿಕೊಂಡೇ ನಿಂತೆವು. ಅಲ್ಲಿ ಗುಂಡನೆಯ ತೂತುಗಳಿದ್ದವು. ಮಾವೋರಿ ಜನ ಶತಮಾನಗಳ ಕಾಲ ಗಳು ಊರಿ ಏರುನೀರಿಗೆ ದೋಣಿ ನಡೆಸಿದ್ದರ ಗುರುತು. ಒಂದರೊಳಗೆ ಬೆರಳಿಟ್ಟೆ. ಅಂಚು ನುಣ್ಣಗೆ ಸವೆದಿತ್ತು. ನಾವು ಇಳಿಜಾರಿನಲ್ಲಿ ತೇಲಿಕೊಂಡು ಬಂದ ಹೊಳೆಯನ್ನು ತೋಳಬಲದಿಂದ ಹತ್ತಿದವರ ಮೇಲೆ ಅಪಾರ ಗೌರವ ಮೂಡಿತು.

ಜಾನ್ ಕೌಲ್ ತಂಗುದಾಣದ ಬಳಿ ಡೇರೆ ಹೊಡೆದು ಚಿತ್ರಾನ್ನ ಉಂಡೆವು. ಮಾರನೆಯ ದಿನ ಮಂಗಪುರುವ ಕಣಿವೆಯಲ್ಲಿ ಇಳಿದು ಕಾಡಿನೊಳಗೆ ನಡೆದರೆ ಕಾಂಕ್ರೀಟಿನ ದೊಡ್ಡ ಸೇತುವೆ! ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತ್ತು. 1936ರಲ್ಲಿ ಸೇತುವೆ ಮುಗಿಯುವ ಹೊತ್ತಿಗೆ ಬಹುಪಾಲು ಕುಟುಂಬಗಳು ಸೋತು ಹೊರಟುಹೋಗಿದ್ದವು. 1942ರಲ್ಲಿ ಉಳಿದವರೂ ಕಣಿವೆ ಬಿಟ್ಟರು. ಈಗ ಸೇತುವೆಯ ಎರಡೂ ತುದಿಗೆ ಕಾಡೇ ಕಾಡು.

ಆ ಸಂಜೆ ಟಿಯೆಕೆ ಕಾಯಿಂಗ. ಅದು ತಂಗುದಾಣವೂ ಹೌದು, ಮಾವೋರಿಗಳು ಸಭೆ ಸೇರುವ ಮರಾಯೆಯೂ ಹೌದು. ಅಲ್ಲಿದ್ದ ಮನೆಯವರು ಮಾತಿನಿಂದ, ಹಾಡಿನಿಂದ ನಮ್ಮನ್ನು ಬರಮಾಡಿಕೊಂಡು, ಮೂಗಿಗೆ ಮೂಗು ತಾಗಿಸಿದರು. ಪರಿಚಯ ಹೇಳಿಕೊಳ್ಳುವಾಗ ಮಾವೋರಿಗಳು ಮೊದಲು ತಮ್ಮ ಬೆಟ್ಟ, ತಮ್ಮ ಹೊಳೆ ಹೇಳುತ್ತಾರೆ; ಹೆಸರು ಆಮೇಲೆ. ನಮ್ಮ ಸರದಿ ಬಂತು. ಶ್ರೀರಂಗಪಟ್ಟಣದ ಗೆಳೆಯ ಎದ್ದು "ಬ್ರಹ್ಮಗಿರಿ, ಕಾವೇರಿ" ಎಂದ. ಶೃಂಗೇರಿಯ ಗೆಳತಿ ಗಂಗಾಮೂಲವನ್ನೂ ತುಂಗೆಯನ್ನೂ ಹೇಳಿದಳು. ನಾನು ಕಣಕುಂಬಿಯ ಬೆಟ್ಟ, ಮಲಪ್ರಭೆ ಎಂದೆ. ಊರು ಬಿಟ್ಟು ಇಷ್ಟು ವರ್ಷವಾದರೂ ನನ್ನ ಗುರುತನ್ನು ಯಾರೂ ಹೀಗೆ ಕೇಳಿರಲಿಲ್ಲ. ದನಿ ಕಟ್ಟಿತು.

ಇಲ್ಲಿನ ಮಾವೋರಿಗಳು ತಮ್ಮ ಹೊಳೆಗಾಗಿ 1870ರ ದಶಕದಿಂದಲೇ ಸರ್ಕಾರಕ್ಕೆ ಅರ್ಜಿ ಹಾಕುತ್ತ ಬಂದವರು. 2017ರ ಮಾರ್ಚಿನಲ್ಲಿ ಸಂಸತ್ತು ಪರ್ವತದಿಂದ ಸಮುದ್ರದವರೆಗೆ, ಉಪನದಿಗಳ ಸಮೇತ, ಇಡೀ ಹೊಳೆಯನ್ನು ಜೀವಂತ ಘಟಕವೆಂದು ಒಪ್ಪಿತು. ಅದರ ಪರವಾಗಿ ಮಾತಾಡಲು ಇಬ್ಬರಿದ್ದಾರೆ: ಒಬ್ಬರನ್ನು ಸರ್ಕಾರ, ಇನ್ನೊಬ್ಬರನ್ನು ಅಲ್ಲಿನ ಬುಡಕಟ್ಟುಗಳು ನೇಮಿಸುತ್ತವೆ. ಅದೇ ತಿಂಗಳು ಉತ್ತರಾಖಂಡದ ಹೈಕೋರ್ಟು ಗಂಗೆ, ಯಮುನೆಗಳನ್ನೂ ವ್ಯಕ್ತಿಗಳೆಂದಿತ್ತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ನಮ್ಮಲ್ಲಿ ತಾಯಿ ಎಂದು ಕರೆದವರೇ ನದಿಗೆ ಕೊಳೆ ಬಿಡುತ್ತಾರೆ. ಅವಳ ಪರವಾಗಿ ಸಹಿ ಹಾಕುವ ಅಧಿಕಾರವುಳ್ಳವರು ಇಬ್ಬರಾದರೂ ಬೇಕು ಎಂದು ನನಗೆ ಅಲ್ಲಿ ಬಲವಾಗಿ ಅನ್ನಿಸಿತು.

ಕೊನೆಯ ದಿನ ಔಟಪು ಎಂಬ ಸೆಳವು. ಪಾರಾಗುವ ಸಾಧ್ಯತೆ ಅರ್ಧಕ್ಕರ್ಧ ಎಂದು ಅದಕ್ಕೆ 'ಫಿಫ್ಟಿ ಫಿಫ್ಟಿ' ಎಂದೂ ಹೆಸರಿದೆ. ಕಾವೇರಿಯ ಗೆಳೆಯನ ದೋಣಿ ಅಡ್ಡ ತಿರುಗಿ ಮಗುಚಿತು. ಲೈಫ್ ಜಾಕೆಟ್ ಹಾಕಿದ್ದರಿಂದ ಕಾಲು ಮುಂದೆ ಚಾಚಿ ತೇಲುತ್ತ ಕೆಳಗಿನ ಮಡುವಿಗೆ ಬಂದ. ಬ್ಯಾರೆಲ್ಲುಗಳು ಕಟ್ಟಿದ ಜಾಗದಲ್ಲೇ ಇದ್ದವು.

ಪಿಪಿರಿಕಿಯಲ್ಲಿ ವ್ಯಾನ್ ಕಾಯುತ್ತ ನೀರಿನ ಲೆಕ್ಕ ಮಾತಾಡಿದೆವು. ಮೇಲ್ಭಾಗದ ಹೊಳೆಗಳ ನೀರನ್ನು 1970ರ ದಶಕದಿಂದ ವಿದ್ಯುತ್ ಯೋಜನೆಗಾಗಿ ಕಾಲುವೆ, ಸುರಂಗಗಳಲ್ಲಿ ತಿರುಗಿಸಿ ವೈಕಾಟೊ ನದಿಯ ಕಡೆಗೆ ಒಯ್ಯುತ್ತಿದ್ದಾರೆ. ಹೊಳೆ ವ್ಯಕ್ತಿಯಾದ ಮೇಲೂ ಆ ಯೋಜನೆ ನಿಂತಿಲ್ಲ. ಮುಂದಿನ ಬೇಸಿಗೆಗೆ ಟೌಮರುನುಯಿಯಿಂದಲೇ ಹೊರಟು 145 ಕಿ.ಮೀ.ಯ ಪೂರ್ತಿ ದಾರಿ ಹಿಡಿಯಬೇಕು, ಅದಕ್ಕೂ ಮೊದಲು ಆ ಸುರಂಗಗಳ ಬಾಯಿ ಇರುವಲ್ಲಿಗೆ ಹೋಗಿಬರಬೇಕು ಎಂದು ಮಾತಾಡಿಕೊಂಡಿದ್ದೇವೆ.