ಅರ್ಧ ಚಮಚ ಉಪ್ಪು
ಜೀವಕೋಶದ ಪಾಠ ಬಂದಾಗಲೆಲ್ಲ ತಂಗಿ ನೆನಪಾಗುತ್ತಾಳೆ. 1980ರಲ್ಲಿ ಅವಳಿಗೆ ವಾಂತಿಭೇದಿ ಹತ್ತಿತು. ‘ನೀರು ಕೊಟ್ಟರೆ ಭೇದಿ ಹೆಚ್ಚುತ್ತೆ’ ಎಂದು ಅಜ್ಜಿ ಚೊಂಬು ಎತ್ತಿಟ್ಟಳು. ಬೆಳಗಾಗುವಷ್ಟರಲ್ಲಿ ತಂಗಿ ಇರಲಿಲ್ಲ.

ಕೋಶದ ಪೊರೆ ಎಂದರೆ ಎರಡು ಪದರ ಕೊಬ್ಬು. ಉಪ್ಪು, ಸಕ್ಕರೆ ತಾವಾಗಿ ದಾಟಲಾರವು. ಕರುಳಿನ ಕೋಶಗಳ ಪೊರೆಯಲ್ಲಿ ಪ್ರೋಟೀನಿನ ಬಾಗಿಲೊಂದಿದೆ. ಸೋಡಿಯಂ, ಗ್ಲೂಕೋಸ್ ಜೊತೆಗೂಡಿ ಬಂದರೆ ಒಳಗೆ ಬಿಡುತ್ತದೆ. ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ. 1971ರಲ್ಲೇ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದ್ದರು. ಒಂಬತ್ತು ವರ್ಷವಾದರೂ ಆ ಸುದ್ದಿ ನಮ್ಮ ಹಳ್ಳಿಗೆ ಬಂದಿರಲಿಲ್ಲ. ಅಜ್ಜಿಯನ್ನು ದೂರಲಾರೆ.

ಕಾಯಿಸಿ ಆರಿಸಿದ ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಕ್ಕಳೇ, ಪರೀಕ್ಷೆ ಮುಗಿದ ಮೇಲೂ ಇದನ್ನು ಮರೆಯಬೇಡಿ, ಮನೆಯಲ್ಲೂ ಹೇಳಿ.