ದೊಡ್ಡವ್ವ ತಂದ ಲಕ್ಕಿ ಕಡ್ಡಿ

ಲಕ್ಕಿ ಗಿಡವನ್ನು ಗುರುತಿಸುವುದು ಸುಲಭ. ಒಂದು ತೊಟ್ಟಿಗೆ ಮೂರು ಇಲ್ಲವೇ ಐದು ಎಲೆ, ಕೈಬೆರಳು ಅಗಲಿಸಿದ ಹಾಗೆ. ಮೇಲೆ ಹಸಿರು, ಕೆಳಗೆ ಬೂದಿ ಬಳಿದಂಥ ಬಿಳುಪು. ತುದಿಯಲ್ಲಿ ತಿಳಿ ನೇರಳೆ ಹೂ. ಎಲೆ ಹೊಸಕಿದರೆ ಘಾಟು ಮೂಗಿಗೇರುತ್ತದೆ. ಸಂಸ್ಕೃತದ ನಿರ್ಗುಂಡಿ ಇದೇ.

ಬಾದಾಮಿ, ಹುನಗುಂದದ ಕಡೆ ಹಳ್ಳದ ದಂಡೆಗುಂಟ ಇದು ತಾನಾಗಿ ಬೆಳೆಯುತ್ತದೆ. ಯಾರೂ ನೆಡುವುದಿಲ್ಲ, ನೀರು ಹಾಕುವುದಿಲ್ಲ. ಕೆಲಸ ಮಾತ್ರ ಎಲ್ಲರೂ ಮಾಡಿಸಿಕೊಳ್ಳುತ್ತಾರೆ. ಬಾಣಂತಿಗೆ ಎರೆಯುವ ನೀರಿಗೆ ಇದರ ಸೊಪ್ಪು, ನೆಗಡಿಗೆ ಹಬೆ, ಕಾಳಿಗೆ ಹುಳು ಬೀಳದಂತೆ ಒಣಗಿದ ಎಲೆ, ಬುಟ್ಟಿ ಹೆಣೆಯಲು ಬರಲು. ಇಳಕಲ್ಲಿನ ನಮ್ಮ ಬೀಗರು ದಿನವಿಡೀ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯುವವರು. ರಾತ್ರಿ ಮೊಣಕಾಲಿಗೆ ಬಿಸಿ ಮಾಡಿದ ಲಕ್ಕಿ ಸೊಪ್ಪು ಕಟ್ಟಿಕೊಂಡೇ ಮಲಗುತ್ತಿದ್ದರು.

ನಮ್ಮ ದೊಡ್ಡವ್ವನ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಆ ಓಣಿ ಮುಳುಗುವುದೆಂದಾಗ ನವನಗರಕ್ಕೆ ಹೊರಟರು. ಟ್ರ್ಯಾಕ್ಟರಿನಲ್ಲಿ ಪಾತ್ರೆ, ಹಾಸಿಗೆಯ ನಡುವೆ ಒದ್ದೆ ಗೋಣಿಚೀಲ ಸುತ್ತಿದ ನಾಲ್ಕು ಲಕ್ಕಿ ಕಡ್ಡಿ!

“ಇದ್ಯಾಕ ಬೇ?” ಎಂದು ಮಗ ಕೇಳಿದ.

“ಮನಿಗೆ ಪರಿಹಾರ ಕೊಟ್ರು, ಹೊಲಕ್ಕ ಕೊಟ್ರು. ಲಕ್ಕಿಗೆ ಯಾರ ಕೊಡ್ತಾರಪ್ಪ? ನಾವ ತರಬೇಕು.”

ಹೊಸ ಮನೆಯ ಬಚ್ಚಲ ನೀರು ಹರಿಯುವಲ್ಲಿ ಕಡ್ಡಿ ಊರಿದಳು. ಎರಡು ಚಿಗುರಿದವು.

ಲಕ್ಕಿಯ ಮೇಲೆ ಅಷ್ಟು ನಂಬಿಕೆಯಿದ್ದರೂ ದೊಡ್ಡವ್ವನದು ಕಟ್ಟುನಿಟ್ಟು. ಸೊಪ್ಪು ಮೈಗೆ, ನೀರಿಗೆ, ಹಬೆಗೆ ಮಾತ್ರ, ಕಷಾಯ ಕುಡಿಸುತ್ತಿರಲಿಲ್ಲ. ಕುದಿಯುವ ಪಾತ್ರೆಯ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಜ್ವರ ಮೂರನೇ ದಿನಕ್ಕೂ ಇಳಿಯದಿದ್ದರೆ, ಕೂಸಿಗೆ ಉಸಿರು ಎಳೆಯತೊಡಗಿದರೆ, “ಲಕ್ಕಿ ಸಾಕು, ಡಾಕ್ಟರ್ ಕಡೆ ನಡೀರಿ” ಎನ್ನುತ್ತಿದ್ದಳು.

ಫಿಲಿಪೈನ್ಸ್ ದೇಶದಲ್ಲಿ ಈ ಗಿಡಕ್ಕೆ ‘ಲಗುಂಡಿ’ ಎನ್ನುತ್ತಾರೆ. ಅಲ್ಲಿನ ಆರೋಗ್ಯ ಇಲಾಖೆ ಒಪ್ಪಿದ 10 ಔಷಧಿ ಸಸ್ಯಗಳಲ್ಲಿ ಇದೂ ಒಂದು; ಕೆಮ್ಮಿಗೆ ಇದರ ಮಾತ್ರೆ, ಸಿರಪ್ ಅಂಗಡಿಯಲ್ಲೇ ಸಿಗುತ್ತವೆ. ನಮ್ಮಲ್ಲಿ ಹಳ್ಳದ ದಂಡೆ ಸ್ವಚ್ಛ ಮಾಡುವಾಗ ಜಾಲಿಯ ಜೊತೆ ಲಕ್ಕಿಯನ್ನೂ ಕಡಿದು ಹಾಕುತ್ತಾರೆ.

ದೊಡ್ಡವ್ವ ಈಗಿಲ್ಲ. ಅವಳ ಗಿಡದ ಕಡ್ಡಿ ಒಯ್ದು ಓಣಿಯ ಏಳೆಂಟು ಮನೆಯವರು ನೆಟ್ಟಿದ್ದಾರೆ. ಮಕ್ಕಳೇ, ನಿಮಗೂ ಎಲ್ಲಾದರೂ ಲಕ್ಕಿ ಕಂಡರೆ ಮಳೆಗಾಲದಲ್ಲಿ ಹೆಬ್ಬೆರಳು ದಪ್ಪದ, ಗೇಣುದ್ದದ ಕಡ್ಡಿ ತಂದು ಊರಿ ನೋಡಿ. ಬೇಲಿಯೂ ಆಗುತ್ತದೆ, ನೆಗಡಿಗೂ ಆಗುತ್ತದೆ.